ತೂಕ ಇಳಿಸ್ತಾ ಇರೋವಾಗ್ಲೇ ಬಾರ್ಬೆಲ್ ಶುರು ಮಾಡಬಹುದಾ?

ಪ್ರಶ್ನೆ: ನನಗೆ 36 ವರ್ಷ, ಎತ್ತರ 172 ಸೆಂಟಿಮೀಟರ್, ತೂಕ 96 ಕೆಜಿ. ಇಡೀ ದಿನ ಕೂತು ಮಾಡೋ ಕೆಲಸ. ಊಟ ಕಮ್ಮಿ ಮಾಡಿ, ವಾಕಿಂಗ್ ಮಾಡಿ 5 ಕೆಜಿ ಇಳಿಸಿದ್ದೀನಿ. ಈಗ ಬಾರ್ಬೆಲ್ (ಎರಡೂ ತುದಿಗೆ ತೂಕದ ಪ್ಲೇಟ್ ಹಾಕಿ ಎತ್ತೋ ಉದ್ದ ಕಂಬಿ) ಶುರು ಮಾಡ್ಬೇಕು ಅಂತ ಆಸೆ. ಆದ್ರೆ ಜಿಮ್ಮಲ್ಲಿ ಒಬ್ರು "ಮೊದ್ಲು 80ಕ್ಕೆ ಬನ್ನಿ, ವೇಟ್ಸ್ ಆಮೇಲೆ" ಅಂತಾರೆ, ಇನ್ನೊಬ್ರು "ಹಗುರ ತೂಕ ಇಟ್ಕೊಂಡು 25 ರೆಪ್ಸ್ (ಒಂದೇ ಸಮನೆ 25 ಸಲ) ಹೊಡೀರಿ, ಕೊಬ್ಬು ಕರಗತ್ತೆ" ಅಂತಾರೆ. ಕಮ್ಮಿ ತಿಂತಾ ಇರೋವಾಗ ಶಕ್ತಿ ಬೆಳೆಯತ್ತಾ? ಎಷ್ಟು ತೂಕದಿಂದ ಶುರು ಮಾಡ್ಲಿ? ಒಂದು ವಾರ ಸುಮ್ನೆ ಟ್ರೈ ಮಾಡ್ದೆ, ತೂಕ ಇಳಿಯೋ ಬದ್ಲು 1.2 ಕೆಜಿ ಏರಿದೆ, ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳೋದು) ಮಾಡಿದ್ರೆ ಮೊಣಕಾಲು ಬೇರೆ ಸ್ವಲ್ಪ ನೋಯತ್ತೆ.

ಉತ್ತರ: ಈಗ್ಲೇ ಶುರು ಮಾಡಿ. 80ಕ್ಕೆ ಬಂದ್ಮೇಲೆ ನೋಡೋಣ ಅಂತ ಕಾಯ್ತಾ ಕೂತ್ರೆ, ಅಲ್ಲಿಗೆ ಬರೋಷ್ಟ್ರಲ್ಲಿ ಈಗ ನಿಮ್ಮ ಹತ್ರ ಇರೋ ಮಸಲ್ಲೂ ಒಂದಷ್ಟು ಹೋಗಿರತ್ತೆ. ಬರೀ ಊಟ ಕಮ್ಮಿ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಇರತ್ತೆ ಅನ್ನೋದು ಈ ಫೀಲ್ಡಲ್ಲಿ ತುಂಬಾ ವರ್ಷದಿಂದ ಬಳಸ್ತಾ ಇರೋ ಅಂದಾಜು, ಆ ಲೆಕ್ಕದಲ್ಲಿ 16 ಕೆಜಿ ಇಳಿಸಿದ್ರೆ 4 ಕೆಜಿ ಹತ್ರ ಹತ್ರ ಮಸಲ್ಲು, ನೀರು ಇಂಥದ್ದು. ಅದನ್ನ ಆಮೇಲೆ ವಾಪಸ್ ಕಟ್ಟೋದಕ್ಕಿಂತ ಈಗ ಉಳಿಸ್ಕೊಳ್ಳೋದು ಎಷ್ಟೋ ಸುಲಭ.

ಒಂದು ವಿಷಯ ಮೊದ್ಲೇ ಕ್ಲಿಯರ್ ಮಾಡ್ಕೊಳ್ಳೋಣ, ಯಾಕಂದ್ರೆ ನಿಮಗೆ ಸಲಹೆ ಕೊಟ್ಟ ಇಬ್ರೂ ಎಡವಿರೋದು ಇಲ್ಲೇ. ಬಾರ್ಬೆಲ್ ಕ್ಯಾಲೊರಿ ಸುಡೋ ಸಾಧನ ಅಲ್ಲ. ಒಂದು ಗಂಟೆ ಸೆಷನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಟೈಮ್ ನೀವು ಬೆಂಚ್ ಮೇಲೆ ಕೂತು ಉಸಿರು ಸರಿ ಮಾಡ್ಕೊಳ್ತಾ ಇರ್ತೀರಿ, ಒಟ್ಟು ಖರ್ಚಾಗೋದು ಕೆಲವು ನೂರು ಕ್ಯಾಲೊರಿ ಅಷ್ಟೇ, ಅದನ್ನ ಒಂದು ಕೈತುಂಬ ಹುರಿದ ಬೀಜ ತಿಂದು ವಾಪಸ್ ತುಂಬ್ಕೋಬಹುದು. "ಮಸಲ್ ಬೆಳೆದ್ರೆ ಮಲಗಿದ್ದಾಗ್ಲೂ ಕೊಬ್ಬು ಕರಗತ್ತೆ" ಅಂತ ಹೇಳ್ತಾರಲ್ಲ, ಅದೂ ಉಬ್ಬಿಸಿದ ಮಾತು, ಒಂದು ಕೆಜಿ ಮಸಲ್ ಸುಮ್ನೆ ಇದ್ದಾಗ ದಿನಕ್ಕೆ ಸುಡೋದು ಸುಮಾರು 13 ಕ್ಯಾಲೊರಿ, ಒಂದು ಕೆಜಿ ಕೊಬ್ಬು ನಾಲ್ಕೂವರೆ. 2 ಕೆಜಿ ಮಸಲ್ ಹಾಕ್ಕೊಂಡ್ರೂ ದಿನಕ್ಕೆ 26 ಕ್ಯಾಲೊರಿ, ಅಷ್ಟಕ್ಕೆ ಯಾರ ಹೊಟ್ಟೆನೂ ಕರಗಲ್ಲ. ತೂಕ ಇಳಿಸೋ ಕೆಲಸ ಊಟದ್ದು. ಇಳಿಯೋ ತೂಕ ಎಲ್ಲಿಂದ ಇಳೀಬೇಕು ಅಂತ ಹೇಳೋ ಕೆಲಸ ಬಾರ್ಬೆಲ್‌ದು. ಮನೇಲಿ ದುಡ್ಡಿಗೆ ಕಷ್ಟ ಬಂದಾಗ ಬಳಸ್ದೇ ಮೂಲೇಲಿ ಬಿದ್ದಿರೋ ಸಾಮಾನನ್ನೇ ಮೊದ್ಲು ಮಾರ್ತೀವಲ್ಲ, ದೇಹಾನೂ ಹಾಗೇನೇ, ವಾರಕ್ಕೆ ಮೂರು ಸಲ ಭಾರ ಎತ್ತೋಕೆ ಬೇಕಾಗೋ ಮಸಲ್‌ನ ಅದು ಅಷ್ಟು ಸುಲಭವಾಗಿ ಬಿಟ್ಟುಕೊಡಲ್ಲ.

ಹಗುರ ತೂಕ 25 ರೆಪ್ಸ್ ವಿಚಾರ. ಅದ್ರಲ್ಲಿ ಅರ್ಧ ಸತ್ಯ ಇದೆ, ಹಗುರ ತೂಕದಲ್ಲೂ ಇನ್ನೊಂದು ರೆಪ್ ಆಗಲ್ಲ ಅನ್ನೋವರೆಗೂ ತಳ್ಳಿದ್ರೆ ಮಸಲ್ ಬೆಳೆಯತ್ತೆ. ಆದ್ರೆ 25 ರೆಪ್ ಸ್ಕ್ವಾಟ್‌ನ ಆ ಹಂತದವರೆಗೂ ಒಂದ್ಸಲ ಮಾಡಿ ನೋಡಿ, ಕಾಲು ಸೋಲೋಕೆ ಮುಂಚೆ ಉಸಿರು ಸೋಲತ್ತೆ, ಉಸಿರು ಸೋತ್ರೆ ಬೆನ್ನು ಗೂನಾಗತ್ತೆ, ಹೊಸಬರಿಗೆ ಫಾರ್ಮ್ (ಮಾಡೋ ಭಂಗಿ) ಕೆಡೋದು ಅಲ್ಲೇ. ಹೆಚ್ಚಿನವರು ಆ ಹಂತಕ್ಕೆ ಹೋಗೋದೂ ಇಲ್ಲ, 25 ಎಣಿಸಿ ಬೆವರು ಒರೆಸ್ಕೊಂಡು ಬಿಟ್ಟುಬಿಡ್ತಾರೆ, ಮಸಲ್‌ಗೆ ಏನೂ ಸಂದೇಶ ಹೋಗಿರಲ್ಲ. ಇನ್ನು ಯಾವ ಜಾಗ ಕುಣಿಸ್ತೀವೋ ಆ ಜಾಗದ ಕೊಬ್ಬು ಕರಗತ್ತೆ ಅನ್ನೋ ನಂಬಿಕೆಗೆ ಆಧಾರಾನೇ ಇಲ್ಲ.

ಕಮ್ಮಿ ತಿಂತಾ ಶಕ್ತಿ ಬೆಳೆಯತ್ತಾ? ಬೆಳೆಯತ್ತೆ, ಅದೂ ನಿಮ್ಮ ಥರ ಹೊಸಬರಿಗೆ, ಮೈಮೇಲೆ ಕೊಬ್ಬಿನ ದಾಸ್ತಾನು ಇರೋರಿಗೆ ಚೆನ್ನಾಗೇ ಬೆಳೆಯತ್ತೆ. ಮೊದಲ ಒಂದೂವರೆ ಎರಡು ತಿಂಗಳು ಬಾರ್ ಮೇಲೆ ಏರೋ ತೂಕದಲ್ಲಿ ದೊಡ್ಡ ಪಾಲು ನರಗಳ ಕಲಿಕೆ. ಇರೋ ಮಸಲ್‌ನೇ ಒಟ್ಟಿಗೆ, ಸರಿಯಾದ ಹೊತ್ತಿಗೆ, ಜೋರಾಗಿ ಕೆಲಸಕ್ಕೆ ಹಚ್ಚೋದನ್ನ ಮೆದುಳು ಕಲೀತಾ ಇರತ್ತೆ, ಅದಕ್ಕೆ ಎಕ್ಸ್ಟ್ರಾ ಕ್ಯಾಲೊರಿ ಬೇಕಾಗಿಲ್ಲ. ಮಸಲ್ ಕೂಡ ಬೆಳೀಬಹುದು. ಕೆನಡಾದ ಮೆಕ್‌ಮಾಸ್ಟರ್ ಯೂನಿವರ್ಸಿಟಿಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಜನ ಯುವಕರಿಗೆ ನಾಲ್ಕು ವಾರ ಬೇಕಾದ್ದಕ್ಕಿಂತ 40 ಪರ್ಸೆಂಟ್ ಕಮ್ಮಿ ಊಟ ಕೊಟ್ಟು ವಾರಕ್ಕೆ ಆರು ದಿನ ಜೋರು ಟ್ರೈನಿಂಗ್ ಮಾಡ್ಸಿದ್ರು. ದೇಹತೂಕದ ಪ್ರತಿ ಕೆಜಿಗೆ 2.4 ಗ್ರಾಂ ಪ್ರೋಟೀನ್ ತಿಂದ ಗುಂಪು ಸರಾಸರಿ 4.8 ಕೆಜಿ ಕೊಬ್ಬು ಕಳ್ಕೊಂಡು 1.2 ಕೆಜಿ ಕೊಬ್ಬಲ್ಲದ ತೂಕ ಗಳಿಸ್ತು, 1.2 ಗ್ರಾಂ ತಿಂದವರು 3.5 ಕೆಜಿ ಕೊಬ್ಬು ಕಳ್ಕೊಂಡ್ರು, ಮಸಲ್ ಇದ್ದಷ್ಟೇ ಉಳೀತು. ಇದನ್ನ ಓದಿ ನೀವೂ 40 ಪರ್ಸೆಂಟ್ ಕಟ್ ಮಾಡೋಕೆ ಹೋಗ್ಬೇಡಿ ಮತ್ತೆ, ಅವ್ರಿಗೆ ಊಟ ಅಳೆದು ಕೈಗೆ ಕೊಡೋ ಜನ ಇದ್ರು, ವಯಸ್ಸೂ ಸಣ್ಣದು, ನಾಲ್ಕೇ ವಾರದ ಮಾತು. ನಮಗೆ ಬೇಕಾಗಿರೋದು ಪ್ರೋಟೀನ್ ಎಷ್ಟು ವ್ಯತ್ಯಾಸ ಮಾಡತ್ತೆ ಅನ್ನೋ ಅಂಶ ಮಾತ್ರ.

ಹಾಗಾಗಿ ಊಟ. ನಿಮಗೆ ದಿನಕ್ಕೆ 300ರಿಂದ 500 ಕ್ಯಾಲೊರಿ ಕೊರತೆ ಸಾಕು, ಅಂದ್ರೆ ಖರ್ಚಾಗೋದಕ್ಕಿಂತ ಅಷ್ಟು ಕಮ್ಮಿ ತಿನ್ನೋದು, ಆ ಲೆಕ್ಕದಲ್ಲಿ ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಹತ್ರ ಇಳಿದ್ರೆ ಒಳ್ಳೆ ವೇಗ. ಬಾರ್ಬೆಲ್ ಶುರು ಮಾಡೋ ಮೊದಲ ತಿಂಗಳು ಆ ರೇಂಜಿನ ಕೆಳಗಿನ ತುದಿಯಲ್ಲೇ ಇರಿ ಅಂತ ನನ್ನ ಸಲಹೆ, ಹೊಸ ಕೆಲಸ ಕಲಿಯೋವಾಗ ಹಸಿದು ನಡುಗ್ತಾ ಕಲಿಯೋದ್ರಲ್ಲಿ ಅರ್ಥ ಇಲ್ಲ. ಪ್ರೋಟೀನ್ ಲೆಕ್ಕಕ್ಕೆ ಈಗಿನ ತೂಕ ಬಿಟ್ಟು ಗುರಿ ತೂಕ ತಗೊಳ್ಳಿ, 80 ಕೆಜಿಗೆ ಪ್ರತಿ ಕೆಜಿಗೆ 1.6 ಗ್ರಾಂ ಅಂದ್ರೆ 128, ಸೋ ದಿನಕ್ಕೆ 120ರಿಂದ 140 ಗ್ರಾಂ ಮಧ್ಯೆ ಇದ್ರೆ ಆಯ್ತು. ಕೇಳೋಕೆ ಸುಲಭ, ತಿನ್ನೋಕೆ ಕೂತಾಗ ಗೊತ್ತಾಗತ್ತೆ. ಒಂದು ಮೊಟ್ಟೇಲಿ ಇರೋದು ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಲ್ಲಿ 8, ಬೇಯಿಸಿದ ಕೋಳಿ ಎದೆ ಮಾಂಸ 100 ಗ್ರಾಂ ತಿಂದ್ರೆ 30 ಹತ್ರ, ಬೆಂದ ಕಾಳು ಒಂದು ಕಪ್ಪಲ್ಲಿ 15ರ ಆಸುಪಾಸು ಆದ್ರೆ ಜೊತೆಗೆ ಕಾರ್ಬೋಹೈಡ್ರೇಟೂ ಸಾಕಷ್ಟು ಬರತ್ತೆ. ಮೂರ್ನಾಲ್ಕು ಊಟದಲ್ಲಿ ತಲಾ 30-40 ಗ್ರಾಂ ಅಂತ ಹಂಚಿದ್ರೆ ಹೊಟ್ಟೆ ತುಂಬಿರೋ ಫೀಲಿಂಗೂ ಇರತ್ತೆ. ಸಸ್ಯಾಹಾರಿಯಾದ್ರೆ ಪ್ರೋಟೀನ್ ಪೌಡರ್ ಒಂದು ಸ್ಕೂಪ್ ತಗೊಳ್ಳೋದು ಅನುಕೂಲ, ಅದು ಒಣಗಿಸಿದ ಹಾಲಿನ ಅಥವಾ ಕಾಳಿನ ಪ್ರೋಟೀನ್ ಅಷ್ಟೇ, ಭಯ ಪಡೋಂಥದ್ದೇನಿಲ್ಲ. ಕಿಡ್ನಿ ತೊಂದ್ರೆ ಇರೋರು ಮಾತ್ರ ಈ ಲೆಕ್ಕಕ್ಕೆ ಕೈ ಹಾಕೋ ಮುಂಚೆ ಡಾಕ್ಟರ್‌ನ ಕೇಳಲೇಬೇಕು.

ಸಪ್ಲಿಮೆಂಟ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ, ಯಾಕಂದ್ರೆ ಜಿಮ್ಮಿಗೆ ಸೇರಿದ ವಾರದಲ್ಲೇ ಯಾರಾದ್ರೂ ಒಬ್ರು ಕಿವಿ ಕಚ್ತಾರೆ. ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ತಗೊಂಡ್ರೆ ಉಪಯೋಗ ಇದೆ, ಅಗ್ಗ, ತುಂಬಾ ಅಧ್ಯಯನ ಆಗಿರೋ ವಸ್ತು, ಆದ್ರೆ ಮಸಲ್ ಒಳಗೆ ನೀರು ಹಿಡಿಯತ್ತೆ, ಸ್ಕೇಲ್ ನೋಡಿ ಗಾಬರಿ ಆಗೋ ಸ್ವಭಾವ ನಿಮ್ದಾದ್ರೆ ಮೊದಲ ಎರಡು ತಿಂಗಳು ಬೇಡ. ಫ್ಯಾಟ್ ಬರ್ನರ್‌ಗಳಿಗೆ ದುಡ್ಡು ಹಾಕ್ಬೇಡಿ. ದಿನಕ್ಕೆ 50 ಗ್ರಾಂ ಪ್ರೋಟೀನೂ ತಿನ್ನದೇ ಬಣ್ಣಬಣ್ಣದ ಡಬ್ಬಿ ಸಾಲಾಗಿ ಜೋಡಿಸ್ಕೊಂಡಿರೋರನ್ನ ನೋಡಿದಾಗೆಲ್ಲ ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋ ಮಾತೇ ನೆನಪಾಗತ್ತೆ.

ಬಾರ್ ಮುಟ್ಟೋಕೆ ಮುಂಚೆ ಒಂದು ಸಣ್ಣ ಚೆಕ್. ಬಿಪಿ ಕಂಟ್ರೋಲಲ್ಲಿ ಇಲ್ದೇ ಇದ್ರೆ, ಹೃದಯದ ತೊಂದ್ರೆ ಇದ್ರೆ, ಹರ್ನಿಯಾ ಇದ್ರೆ, ಇತ್ತೀಚೆಗೆ ಆಪರೇಷನ್ ಆಗಿದ್ರೆ ಮೊದ್ಲು ಡಾಕ್ಟರ್ ಹತ್ರ ಹೋಗಿ ಬನ್ನಿ, ಉಸಿರು ಬಿಗಿಹಿಡಿದು ಭಾರ ಎತ್ತೋವಾಗ ಬಿಪಿ ಕೆಲವು ಸೆಕೆಂಡ್ ತುಂಬಾ ಮೇಲೆ ಹೋಗತ್ತೆ, ಆರೋಗ್ಯವಾಗಿರೋರಿಗೆ ಅದು ಏನೂ ಅಲ್ಲ, ಈಗಾಗ್ಲೇ ಏರಿರೋರಿಗೆ ಅಪಾಯ. ಶುಗರ್‌ಗೆ ಇನ್ಸುಲಿನ್ ತಗೊಳ್ಳೋರು ಅಥವಾ ಶುಗರ್ ಇಳಿಸೋ ಕೆಲವು ಮಾತ್ರೆ ತಗೊಳ್ಳೋರು ಊಟ ಕಮ್ಮಿ ಮಾಡಿ ವ್ಯಾಯಾಮ ಜಾಸ್ತಿ ಮಾಡಿದ್ರೆ ಲೋ ಶುಗರ್ ಆಗಬಹುದು, ಡೋಸ್ ಬದಲಾಯಿಸ್ಬೇಕಾ ಅಂತ ಕೇಳ್ಕೊಂಡೇ ಶುರು ಮಾಡಿ.

ಈಗ ರೊಟೀನ್. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಗ್ಯಾಪ್. ಎರಡು ಥರದ ಸೆಷನ್, ಒಂದಾದ್ಮೇಲೆ ಒಂದು. ಮೊದಲನೇದ್ರಲ್ಲಿ ಸ್ಕ್ವಾಟ್, ಬೆಂಚ್ ಮೇಲೆ ಮಲಗಿ ಬಾರ್‌ನ ಎದೆಯಿಂದ ಮೇಲಕ್ಕೆ ತಳ್ಳೋ ಬೆಂಚ್ ಪ್ರೆಸ್, ಮುಂದಕ್ಕೆ ಬಗ್ಗಿ ಬಾರ್‌ನ ಹೊಟ್ಟೆ ಕಡೆಗೆ ಎಳೆಯೋ ಬಾರ್ಬೆಲ್ ರೋ. ಎರಡನೇದ್ರಲ್ಲಿ ಸ್ಕ್ವಾಟ್, ನಿಂತ್ಕೊಂಡು ತಲೆ ಮೇಲೆ ಎತ್ತೋ ಓವರ್‌ಹೆಡ್ ಪ್ರೆಸ್, ನೆಲದ ಮೇಲಿರೋ ಬಾರ್‌ನ ಹಿಡಿದು ನೆಟ್ಟಗೆ ಎದ್ದು ನಿಲ್ಲೋ ಡೆಡ್‌ಲಿಫ್ಟ್. ಎಲ್ಲಾದಕ್ಕೂ 5 ರೆಪ್ಸ್‌ನ 3 ಸೆಟ್, ಅಂದ್ರೆ 5 ಸಲ ಮಾಡಿ ರೆಸ್ಟ್, ಹೀಗೆ ಮೂರು ಸುತ್ತು, ಡೆಡ್‌ಲಿಫ್ಟ್ ಮಾತ್ರ ವಾರ್ಮಪ್ ಆದ್ಮೇಲೆ 5ರ ಒಂದೇ ಸೆಟ್, ಅದು ಸುಸ್ತು ಮಾಡೋ ರೀತಿನೇ ಬೇರೆ. ಸೆಟ್ ಮಧ್ಯೆ 3 ನಿಮಿಷ ರೆಸ್ಟ್, ಕಷ್ಟ ಅನಿಸಿದ್ರೆ 4-5 ತಗೊಳ್ಳಿ, ಬೆವರು ಬರ್ಬೇಕು ಅಂತ ರೆಸ್ಟ್ ಕಟ್ ಮಾಡ್ಬೇಡಿ, ಬೆವರು ಬೇಕಿದ್ರೆ ವಾಕಿಂಗ್ ಇದ್ಯಲ್ಲ. ಒಟ್ಟು 50-60 ನಿಮಿಷದ ಕೆಲಸ. ಬೈಸೆಪ್ಸ್ ಎಲ್ಲಿ, ಹೊಟ್ಟೆಗೆ ಏನೂ ಇಲ್ವಾ ಅಂತ ಕೇಳ್ಬೇಡಿ, ಇಷ್ಟಾದ್ಮೇಲೆ ಮನಸ್ಸಿದ್ರೆ ಕೊನೇಲಿ ಎರಡು ಸೆಟ್ ಏನಾದ್ರೂ ಮಾಡ್ಕೊಳ್ಳಿ, ಬೇಡ ಅನ್ನಲ್ಲ.

ಎಷ್ಟು ತೂಕದಿಂದ? ಖಾಲಿ ಬಾರ್‌ನಿಂದ, ನಾಚಿಕೆ ಏನೂ ಬೇಡ. ಸ್ಟಾಂಡರ್ಡ್ ಒಲಿಂಪಿಕ್ ಬಾರ್ 20 ಕೆಜಿ ಇರತ್ತೆ, ಮಹಿಳೆಯರ ಬಾರ್ 15, ಆದ್ರೆ ಎಷ್ಟೋ ಜಿಮ್ಮಲ್ಲಿ ಇರೋ ಬಾರ್‌ಗಳು ಎರಡೂ ಅಲ್ಲ, ನೋಡೋಕೆ ಹಾಗೇ ಇದ್ದು 12ರಿಂದ 18ರವರೆಗೂ ಏನಾದ್ರೂ ತೂಗಬಹುದು, ಹಾಗಾಗಿ ಒಂದ್ಸಲ ಸ್ಕೇಲ್ ಮೇಲೆ ಬಾರ್ ಹಿಡ್ಕೊಂಡು ನಿಂತು ನಿಮ್ಮ ತೂಕ ಕಳೆದು ನೋಡ್ಕೊಳ್ಳಿ, ಯಾವಾಗ್ಲೂ ಅದೇ ಬಾರ್ ಬಳಸಿ. ಮೊದಲ ದಿನ ಖಾಲಿ ಬಾರ್‌ನಲ್ಲಿ 5, ಸರಿಯಾಗಿ ಬಂದ್ರೆ 5 ಕೆಜಿ ಸೇರಿಸಿ ಇನ್ನೊಂದು 5, ಹೀಗೆ ಹೋಗ್ತಾ ಹೋಗ್ತಾ ಒಂದು ಕಡೆ ಬಾರ್ ಮೇಲೆ ಬರೋ ವೇಗ ಕಣ್ಣಿಗೆ ಕಾಣೋ ಹಾಗೆ ಕಮ್ಮಿ ಆಗತ್ತೆ, ಅಲ್ಲೇ ನಿಲ್ಲಿಸಿ, ಅದೇ ನಿಮ್ಮ ಶುರು ತೂಕ, ಇನ್ನೂ ಎರಡು ಮೂರು ರೆಪ್ ಮಾಡಬಹುದಿತ್ತು ಅನ್ನೋ ಥರ ಇರ್ಬೇಕು. ಓವರ್‌ಹೆಡ್ ಪ್ರೆಸ್‌ಗೆ 20 ಕೆಜಿ ಬಾರ್ ಕೂಡ ಸುಮಾರು ಜನಕ್ಕೆ ಮೊದಲ ದಿನ ಭಾರಾನೇ, ಅಂಥವರು 10 ಕೆಜಿ ಫಿಕ್ಸೆಡ್ ಬಾರ್ (ತೂಕ ಬದಲಾಯಿಸೋಕಾಗದ ಚಿಕ್ಕ ಬಾರ್) ತಗೊಳ್ಳಿ.

ಡೆಡ್‌ಲಿಫ್ಟಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನ ಯಾರೂ ಹೇಳಿಕೊಡಲ್ಲ. ದೊಡ್ಡ ಪ್ಲೇಟ್‌ಗಳ ವ್ಯಾಸ 45 ಸೆಂಟಿಮೀಟರ್, ಹಾಗಾಗಿ ಅವು ಹಾಕಿದ್ರೆ ಬಾರ್ ನೆಲದಿಂದ 22 ಸೆಂಟಿಮೀಟರ್ ಚಿಲ್ರೆ ಮೇಲೆ, ಮೀನಖಂಡದ ಮಧ್ಯಕ್ಕೆ ಬರತ್ತೆ. ಹೊಸಬರು 5 ಕೆಜಿ, 10 ಕೆಜಿಯ ಸಣ್ಣ ಪ್ಲೇಟ್ ಹಾಕ್ತಾರೆ, ಬಾರ್ ಕೆಳಗೆ ಹೋಗ್ಬಿಡತ್ತೆ, ಅಷ್ಟು ಕೆಳಗೆ ಬಗ್ಗೋಕೆ ಆಗ್ದೇ ಬೆನ್ನು ಬಗ್ಗತ್ತೆ, ಹೊಟ್ಟೆ ಇರೋರಿಗೆ ಇನ್ನೂ ಕಷ್ಟ. ಆಮೇಲೆ "ಡೆಡ್‌ಲಿಫ್ಟ್ ನನ್ನ ಬೆನ್ನಿಗೆ ಆಗಲ್ಲ" ಅಂತ ತೀರ್ಮಾನ. ಎರಡೂ ಕಡೆ ಪ್ಲೇಟ್ ಕೆಳಗೆ ಏನಾದ್ರೂ ಗಟ್ಟಿಯಾದ್ದು, ಇನ್ನೊಂದೆರಡು ಪ್ಲೇಟೇ ಆದ್ರೂ ಸರಿ, ಇಟ್ಟು ಬಾರ್‌ನ ಆ ಎತ್ತರಕ್ಕೆ ತನ್ನಿ. ಬಾರ್ ಮೊಣಕಾಲ ಕೆಳಗಿನ ಮೂಳೆಗೆ ಒತ್ತಿಕೊಂಡೇ ಮೇಲೆ ಬರ್ಬೇಕು, ಮುಂದಕ್ಕೆ ಹೋದಷ್ಟೂ ಸೊಂಟಕ್ಕೆ ಭಾರ ಜಾಸ್ತಿ. ಪ್ಯಾಂಟ್ ಸವೆದ್ರೆ ಸರಿಯಾಗಿ ಮಾಡ್ತಾ ಇದ್ದೀರಿ ಅಂತ ಅರ್ಥ.

ಸ್ಕ್ವಾಟ್ ಮತ್ತು ನಿಮ್ಮ ಮೊಣಕಾಲು. ನಾನು ಕಣ್ಣಲ್ಲಿ ನೋಡ್ದೇ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ದಪ್ಪ ಇರೋ ಹೊಸಬರಲ್ಲಿ ಮತ್ತೆ ಮತ್ತೆ ಕಾಣೋದು ಎರಡು ಮೂರು ವಿಷಯ. ಕಾಲು ಹತ್ರ ಹತ್ರ ಇಟ್ಟು, ಪಾದ ನೇರ ಮುಂದಕ್ಕೆ ಮಾಡಿ ಕೂರ್ತಾರೆ, ಹೊಟ್ಟೆ ತೊಡೆಗೆ ತಾಗಿ ಜಾಗ ಇಲ್ದೇ ಹಿಮ್ಮಡಿ ಏಳತ್ತೆ, ಭಾರ ಎಲ್ಲಾ ಕಾಲ್ಬೆರಳಿಗೆ ಬೀಳತ್ತೆ. ಕಾಲನ್ನ ಭುಜದಷ್ಟು ಅಗಲ ಅಥವಾ ಒಂಚೂರು ಜಾಸ್ತಿ ಇಡಿ, ಪಾದ 30 ಡಿಗ್ರಿ ಹೊರಗೆ ತಿರುಗಿಸಿ, ಇಳಿಯೋವಾಗ ಮೊಣಕಾಲು ಪಾದದ ದಿಕ್ಕಲ್ಲೇ ಹೊರಕ್ಕೆ ಹೋಗ್ಲಿ, ಆಗ ಹೊಟ್ಟೆಗೂ ಜಾಗ ಸಿಗತ್ತೆ, ಸೊಂಟ ಎರಡು ಕಾಲ ಮಧ್ಯೆ ಇಳಿಯತ್ತೆ. ಇನ್ನೊಂದು ಶೂ. ಓಡೋ ಶೂಗಳ ಮೆತ್ತನೆ ಸೋಲ್ ಮೇಲೆ ಭಾರ ಹೊತ್ರೆ ಪಾದ ಅಲ್ಲಾಡತ್ತೆ, ಗಟ್ಟಿ ಚಪ್ಪಟೆ ಸೋಲ್ ಇರೋದು ಹಾಕಿ. ಮೂರನೇದು ಒಂದೇ ಸಲಕ್ಕೆ ಜಾಸ್ತಿ ಮಾಡಿದ್ದು, ವರ್ಷಗಟ್ಲೆ ಕೂತಿದ್ದ ಮೊಣಕಾಲಿಗೆ ಒಂದೇ ವಾರದಲ್ಲಿ ನೂರಾರು ಸ್ಕ್ವಾಟ್ ಕೊಟ್ರೆ ಅದು ಗೊಣಗದೇ ಇನ್ನೇನು ಮಾಡತ್ತೆ. ಆಳಕ್ಕೆ ಇಳಿಯೋಕೆ ಈಗ ಆಗ್ತಿಲ್ಲ ಅಂದ್ರೆ ಹಿಂದೆ ಒಂದು ಗಟ್ಟಿ ಪೆಟ್ಟಿಗೆ ಇಟ್ಟು ಅದನ್ನ ಮೆಲ್ಲಗೆ ಮುಟ್ಟಿ ಏಳಿ, ವಾರ ವಾರ ಎತ್ತರ ಕಮ್ಮಿ ಮಾಡ್ತಾ ಬನ್ನಿ. ನೋವಿಗೆ ನಾನು ಬಳಸೋ ಅಳತೆ ಇದು: 10ಕ್ಕೆ 3ರ ಒಳಗಿನ ನೋವು, ಮಾಡ್ತಾ ಮಾಡ್ತಾ ಜಾಸ್ತಿ ಆಗದೇ ಇದ್ರೆ, ಮಾರನೇ ದಿನಕ್ಕೆ ಮೊದಲಿನ ಸ್ಥಿತಿಗೆ ಬಂದ್ರೆ ಮುಂದುವರೆಸಬಹುದು. ಊತ ಬಂದ್ರೆ, ಮೊಣಕಾಲು ಸಿಕ್ಕಿಹಾಕ್ಕೊಂಡ ಹಾಗಾದ್ರೆ, ಹಠಾತ್ತಾಗಿ ಕುಸಿದ ಹಾಗಾದ್ರೆ ಬಾರ್ ಬಿಟ್ಟು ಫಿಸಿಯೋ ಹತ್ರ ಹೋಗಿ.

ಭಾರ ಎತ್ತಿದ್ರೆ ಮೊಣಕಾಲು ಹೋಗತ್ತೆ ಅನ್ನೋ ಭಯ ಮನೇಲಿ ಎಲ್ರೂ ಹುಟ್ಟಿಸ್ತಾರೆ. ತಮಾಷೆ ಏನಂದ್ರೆ, ಸ್ವಲ್ಪ ಸ್ವಲ್ಪ ಭಾರ ಏರಿಸ್ತಾ ಹೋಗೋ ಈ ಪದ್ಧತಿಗೆ ವೈದ್ಯಲೋಕದಲ್ಲಿ ಜಾಗ ಸಿಕ್ಕಿದ್ದೇ ಗಾಯಗೊಂಡ ಕಾಲುಗಳಿಂದ. 1940ರ ದಶಕದಲ್ಲಿ, ಎರಡನೇ ಮಹಾಯುದ್ಧದ ಟೈಮಲ್ಲಿ, ಥಾಮಸ್ ಡಿಲಾರ್ಮ್ ಅನ್ನೋ ಅಮೆರಿಕನ್ ಆರ್ಮಿ ಡಾಕ್ಟರ್ ಮೊಣಕಾಲಿಗೆ, ತೊಡೆಗೆ ಪೆಟ್ಟಾದ ಸೈನಿಕರಿಗೆ ಹಗುರ ವ್ಯಾಯಾಮ ಬಿಟ್ಟು ಭಾರ ಏರಿಸ್ತಾ ಹೋಗೋ ವ್ಯಾಯಾಮ ಕೊಟ್ರು, ಅವ್ರು ಬೇಗ ಚೇತರಿಸಿಕೊಂಡ್ರು. ಇವತ್ತಿಗೂ ಫಿಸಿಯೋಗಳು ಮಾಡಿಸೋದು ಅದೇ ತತ್ವ.

ಉಸಿರು: ಮೇಲೆ ನಿಂತಿರೋವಾಗ್ಲೇ ಹೊಟ್ಟೆ, ಪಕ್ಕೆ, ಸೊಂಟ ಸುತ್ತಲೂ ಉಬ್ಬೋ ಹಾಗೆ ಉಸಿರು ತುಂಬಿ, ಯಾರೋ ಹೊಟ್ಟೆಗೆ ಗುದ್ದೋಕೆ ಬರ್ತಾ ಇದ್ದಾರೆ ಅನ್ನೋ ಥರ ಬಿಗಿ ಮಾಡಿ, ಇಳಿದು ಎದ್ದು ಮೇಲೆ ಬಂದ್ಮೇಲೆ ಬಿಡಿ. ಪ್ರತಿ ರೆಪ್‌ಗೂ ಹೊಸ ಉಸಿರು. ಸೊಂಟಕ್ಕೆ ಬಿಗಿಯೋ ಬೆಲ್ಟ್ ಈಗ ಬೇಡ.

ಇದಕ್ಕಿಂತ ಮುಖ್ಯ, ಸೋಲೋದು ಹೇಗೆ ಅಂತ ಮೊದಲ ದಿನಾನೇ ಕಲೀರಿ. ಸ್ಕ್ವಾಟ್ ರ‍್ಯಾಕ್‌ನಲ್ಲಿ ಎರಡೂ ಕಡೆ ಸೇಫ್ಟಿ ಬಾರ್ ಇರತ್ತೆ, ನೀವು ಪೂರ್ತಿ ಕೆಳಗೆ ಕೂತಾಗ ಹೆಗಲ ಮೇಲಿರೋ ಬಾರ್‌ಗಿಂತ ಒಂದೆರಡು ಇಂಚು ಕೆಳಗೆ ಅದನ್ನ ಸೆಟ್ ಮಾಡಿ, ಖಾಲಿ ಬಾರ್ ಹೊತ್ಕೊಂಡು ಕೂತು ಇನ್ನು ಏಳೋಕಾಗಲ್ಲ ಅನ್ನೋ ಹಾಗೆ ಇನ್ನೂ ಕೊಂಚ ಇಳಿದು ಬಾರ್‌ನ ಅದರ ಮೇಲೆ ಬಿಟ್ಟು ಕೆಳಗಿಂದ ಆಚೆ ಬನ್ನಿ, ಎರಡು ಮೂರು ಸಲ. ಒಂದ್ಸಲ ಇದು ಮೈಗೆ ಹತ್ತಿದ್ರೆ ಆಮೇಲೆ ಭಾರ ಏರಿದಾಗ ಭಯ ಇರಲ್ಲ, ಭಯದಿಂದಾನೇ ಅರ್ಧ ಫಾರ್ಮ್ ಕೆಡೋದು. ಬೆಂಚ್ ಪ್ರೆಸ್ಸೂ ಸೇಫ್ಟಿ ಬಾರ್ ಇರೋ ಜಾಗದಲ್ಲಿ ಮಾಡಿ ಅಥವಾ ಪಕ್ಕದಲ್ಲಿ ಒಬ್ರನ್ನ ನಿಲ್ಲಿಸ್ಕೊಳ್ಳಿ. ಎರಡೂ ಇಲ್ದೇ ಒಬ್ರೇ ಮಾಡೋ ಪರಿಸ್ಥಿತಿ ಬಂದ್ರೆ ಪ್ಲೇಟ್‌ಗೆ ಕ್ಲಿಪ್ ಹಾಕ್ಬೇಡಿ, ಎದೆ ಮೇಲೆ ಸಿಕ್ಕಿಹಾಕ್ಕೊಂಡ್ರೆ ಒಂದು ಕಡೆ ಓರೆ ಮಾಡಿ ಪ್ಲೇಟ್ ಜಾರಿಸಬಹುದು, ಸದ್ದಾಗತ್ತೆ, ಎಲ್ರೂ ನೋಡ್ತಾರೆ, ನೋಡ್ಲಿ ಬಿಡಿ. ಹೆಬ್ಬೆರಳು ಯಾವಾಗ್ಲೂ ಬಾರ್ ಸುತ್ತ ಇರ್ಬೇಕು, ಹೆಬ್ಬೆರಳು ಬಿಟ್ಟು ಹಿಡಿಯೋ ಸ್ಟೈಲ್ ತೋರ್ಸೋರನ್ನ ನೋಡಿ ಕಲೀಬೇಡಿ, ಬಾರ್ ಜಾರಿದ್ರೆ ಬೀಳೋದು ಎದೆ ಮೇಲೆ ಇಲ್ಲಾ ಕುತ್ತಿಗೆ ಮೇಲೆ.

ತೂಕ ಏರಿಸೋದು. ಸ್ಕ್ವಾಟ್‌ಗೆ ಪ್ರತಿ ಸೆಷನ್‌ಗೆ 2.5 ಕೆಜಿ, ಡೆಡ್‌ಲಿಫ್ಟ್‌ಗೆ ಮೊದಮೊದಲು 5, ಬೆಂಚ್, ರೋ, ಓವರ್‌ಹೆಡ್‌ಗೆ 2.5, ಅದು ಬೇಗ ಜಾಸ್ತಿ ಅನಿಸತ್ತೆ, ಆಗ ಅರ್ಧ ಕೆಜಿಯ ಚಿಕ್ಕ ಪ್ಲೇಟ್ ಎರಡು ತಗೊಂಡು ಬ್ಯಾಗಲ್ಲಿ ಇಟ್ಕೊಳ್ಳಿ, ಒಂದೊಂದೇ ಕೆಜಿ ಏರಿಸಬಹುದು. ಮೊದಲ ವಾರಗಳು ಬೋರ್ ಅನ್ನೋಷ್ಟು ಸುಲಭ ಇರತ್ತೆ, ಇರ್ಲಿ. 30 ಕೆಜಿಯಿಂದ ಶುರು ಮಾಡಿದ ಸ್ಕ್ವಾಟ್ ವಾರಕ್ಕೆ ಮೂರು ಸಲ 2.5 ಸೇರಿಸ್ಕೊಂಡು ಹೋದ್ರೆ ಐದು ವಾರಕ್ಕೆ 65 ದಾಟತ್ತೆ, ಅಲ್ಲಿ ಎಲ್ಲೋ ಆಟ ನಿಜವಾಗ್ಲೂ ಶುರು ಆಗತ್ತೆ. ಹೊಟ್ಟೆ ತುಂಬ ತಿಂದು ಮಾಡೋರಿಗೆ ಈ ಏರಿಕೆ ಇನ್ನೂ ಕೆಲವು ವಾರ ನಡೆಯತ್ತೆ, ಕೊರತೆಯಲ್ಲಿರೋ ನಿಮಗೆ ಬೇಗ ನಿಲ್ಲತ್ತೆ, ಅದು ನಿಮ್ಮ ತಪ್ಪಲ್ಲ. ಒಂದೇ ತೂಕದಲ್ಲಿ ಮೂರು ಸೆಷನ್ ಸತತವಾಗಿ 5 ರೆಪ್ ಮುಗಿಸೋಕೆ ಆಗ್ಲಿಲ್ಲ ಅಂದ್ರೆ 10 ಪರ್ಸೆಂಟ್ ಇಳಿಸಿ ಮತ್ತೆ ಏರಿ. ಎರಡನೇ ಸಲಾನೂ ಅಲ್ಲೇ ಸಿಕ್ಕಿಹಾಕ್ಕೊಂಡ್ರೆ ಸೆಷನ್‌ಗೆ ಏರಿಸೋದು ಬಿಟ್ಟು ವಾರಕ್ಕೆ ಒಂದ್ಸಲ ಏರಿಸಿ, ಮೂರರಲ್ಲಿ ಒಂದು ದಿನದ ಸ್ಕ್ವಾಟ್ ಹಗುರ ಮಾಡಿ. ಮೊದ್ಲು ನಿಲ್ಲೋದು ಓವರ್‌ಹೆಡ್, ಆಮೇಲೆ ಬೆಂಚ್, ಡೆಡ್‌ಲಿಫ್ಟ್ ಕೊನೆವರೆಗೂ ಏರ್ತಾ ಇರತ್ತೆ, ತೂಕ ಇಳಿಸೋರಲ್ಲಿ ಹೆಚ್ಚಾಗಿ ಇದೇ ಕ್ರಮ. ಬೆಂಚಲ್ಲಿ ಎದೆ, ಬೆನ್ನು ತೆಳ್ಳಗಾದಷ್ಟೂ ಬಾರ್ ಓಡಾಡೋ ದೂರಾನೇ ಜಾಸ್ತಿ ಆಗತ್ತೆ, ಹಾಗಾಗಿ ಅದು ಇದ್ದಲ್ಲೇ ಇದ್ರೂ ನೀವು ಮುಂದೆ ಹೋಗಿದ್ದೀರಿ ಅಂತಾನೇ ಲೆಕ್ಕ.

ಇನ್ನು ಆ 1.2 ಕೆಜಿ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲೊರಿ. ಒಂದು ವಾರದಲ್ಲಿ 1.2 ಕೆಜಿ ಕೊಬ್ಬು ಬರ್ಬೇಕಂದ್ರೆ ನಿಮಗೆ ಬೇಕಾದ್ದಕ್ಕಿಂತ 9000 ಕ್ಯಾಲೊರಿ ಮೇಲೆ ಜಾಸ್ತಿ ತಿಂದಿರ್ಬೇಕು, ನೀವು ತಿಂದಿಲ್ಲ ಅಂತ ನಿಮಗೇ ಗೊತ್ತು. ಅದು ನೀರು. ಅಭ್ಯಾಸ ಇಲ್ಲದ ಕೆಲಸ ಮಾಡಿದ ಮಸಲ್ ರಿಪೇರಿ ಆಗೋವಾಗ ನೀರು ಹಿಡಿಯತ್ತೆ, ಜೊತೆಗೆ ಮಸಲ್ ತನ್ನೊಳಗೆ ಗ್ಲೈಕೋಜನ್ ಅನ್ನೋ ಇಂಧನ ಜಾಸ್ತಿ ಇಟ್ಕೊಳ್ಳೋಕೆ ಶುರು ಮಾಡತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು. ಎರಡು ಮೂರು ವಾರದಲ್ಲಿ ಇದು ಒಂದು ಹದಕ್ಕೆ ಬಂದು ಸ್ಕೇಲ್ ಮತ್ತೆ ಇಳಿಯೋಕೆ ಶುರು ಆಗತ್ತೆ, ಜನ ಬಿಡೋದು ಸರಿಯಾಗಿ ಈ ಎರಡು ಮೂರು ವಾರದಲ್ಲೇ. ದಿನಾ ಬೆಳಿಗ್ಗೆ ಟಾಯ್ಲೆಟ್ ಆದ್ಮೇಲೆ ತೂಕ ನೋಡಿ, ಆದ್ರೆ ಆ ದಿನದ ನಂಬರ್‌ಗೆ ಬೆಲೆ ಕೊಡ್ಬೇಡಿ, ವಾರದ ಸರಾಸರಿನ ಹಿಂದಿನ ವಾರದ ಸರಾಸರಿ ಜೊತೆ ಹೋಲಿಸಿ, ಮಹಿಳೆಯರಾದ್ರೆ ಮುಟ್ಟಿನ ಚಕ್ರದ ಅದೇ ವಾರದ ಜೊತೆ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಎರಡು ವಾರಕ್ಕೊಮ್ಮೆ. ಇನ್ನೊಂದು ನೋಟ್‌ಬುಕ್, ಪ್ರತಿ ಸೆಷನ್‌ನ ತೂಕ, ರೆಪ್ಸ್ ಬರೆದಿಡೋಕೆ.

ಈ ಮೂರನ್ನ ಒಟ್ಟಿಗೆ ಓದೋದು ಕಲೀರಿ. ಸರಾಸರಿ ತೂಕ ಇಳೀತಾ ಇದೆ, ಬಾರ್ ಮೇಲಿನ ತೂಕ ಏರ್ತಾ ಇದೆ ಅಥವಾ ನಿಂತಿದೆ ಅಂದ್ರೆ ಹೋಗ್ತಾ ಇರೋದು ಹೆಚ್ಚಾಗಿ ಕೊಬ್ಬು, ಏನನ್ನೂ ಬದಲಾಯಿಸ್ಬೇಡಿ. ಸ್ಕೇಲ್ ನಿಂತಿದೆ ಆದ್ರೆ ಸೊಂಟ ಇಳೀತಾ ಇದೆ ಅಂದ್ರೂ ಸರಿ. ತೂಕ ವಾರಕ್ಕೆ ಒಂದು ಕೆಜಿಗಿಂತ ಜಾಸ್ತಿ ಬೀಳ್ತಾ ಇದ್ದು ಎರಡು ವಾರದಿಂದ ಎಲ್ಲಾ ಲಿಫ್ಟೂ ಹಿಂದಕ್ಕೆ ಹೋಗ್ತಾ ಇದ್ರೆ ಕೊರತೆ ಜಾಸ್ತಿ ಆಗಿದೆ, ದಿನಕ್ಕೆ 200 ಕ್ಯಾಲೊರಿ ವಾಪಸ್ ಸೇರಿಸಿ, ಟ್ರೈನಿಂಗ್‌ಗೆ ಒಂದೆರಡು ಗಂಟೆ ಮುಂಚೆ ಏನಾದ್ರೂ ಕಾರ್ಬೋಹೈಡ್ರೇಟ್ ತಿನ್ನಿ. ಸ್ಕೇಲೂ ನಿಂತಿದೆ, ಸೊಂಟಾನೂ ನಾಲ್ಕು ವಾರದಿಂದ ಅಲ್ಲೇ ಇದೆ ಅಂದ್ರೆ ಊಟದ ಲೆಕ್ಕ ಎಲ್ಲೋ ಸೋರ್ತಾ ಇದೆ, ಅಡುಗೆ ಎಣ್ಣೆ ಮತ್ತೆ ವೀಕೆಂಡಿಂದ ಹುಡುಕೋಕೆ ಶುರು ಮಾಡಿ.

ನಿದ್ದೆ ಬಗ್ಗೆ ಎಲ್ರೂ ಹೇಳ್ತಾರೆ, ಯಾರೂ ಕೇಳಲ್ಲ, ಹಾಗಾಗಿ ಒಂದು ಲೆಕ್ಕ ಕೊಡ್ತೀನಿ. ಶಿಕಾಗೋ ಯೂನಿವರ್ಸಿಟಿಯ 2010ರ ಒಂದು ಚಿಕ್ಕ ಅಧ್ಯಯನ, ಹತ್ತೇ ಜನ, ಅದೇ ಜನಕ್ಕೆ ಅಷ್ಟೇ ಕಮ್ಮಿ ಊಟ ಕೊಟ್ಟು ಎರಡು ವಾರ ರಾತ್ರಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗೋಕೆ ಬಿಟ್ರು. ತೂಕ ಎರಡು ಸಲಾನೂ ಹತ್ರ ಹತ್ರ ಅಷ್ಟೇ ಇಳೀತು, ಸುಮಾರು 3 ಕೆಜಿ. ಆದ್ರೆ ಜಾಸ್ತಿ ಮಲಗಿದಾಗ ಅದ್ರಲ್ಲಿ 1.4 ಕೆಜಿ ಕೊಬ್ಬು, ಕಮ್ಮಿ ಮಲಗಿದಾಗ ಬರೀ 0.6. ಸ್ಕೇಲ್‌ಗೆ ಈ ವ್ಯತ್ಯಾಸ ಕಾಣಲ್ಲ.

ವಾಕಿಂಗ್ ಬಿಡ್ಬೇಡಿ, ಈಗ ಎಷ್ಟು ನಡೀತಿದ್ದೀರೋ ಅಷ್ಟು ಹಾಗೇ ಇರ್ಲಿ, ರಿಕವರಿಗೆ ಅಡ್ಡಿ ಆಗದೇ ಕ್ಯಾಲೊರಿ ಖರ್ಚು ಮಾಡೋಕೆ ಅದಕ್ಕಿಂತ ಒಳ್ಳೇದು ಇಲ್ಲ. ಜೋರಾಗಿ ಓಡೋದು, ಸ್ಪ್ರಿಂಟ್ ಇಂಥದ್ದನ್ನ ಸ್ಕ್ವಾಟ್‌ಗೆ ಮುಂಚೆ ಮಾತ್ರ ಇಟ್ಕೋಬೇಡಿ. ಮೊದಲ ವಾರ ಮೈಕೈ ನೋವು ಎರಡನೇ ದಿನ ಜಾಸ್ತಿ ಇರತ್ತೆ, ಮೆಟ್ಲು ಇಳಿಯೋವಾಗ ಗೋಡೆ ಹಿಡ್ಕೋತೀರಿ, ಅದು ಸಹಜ, ಮುಂದಿನ ಸೆಷನ್ ಬಿಡ್ಬೇಡಿ, ತೂಕ ಏರಿಸದೇ ಅಷ್ಟೇ ಮಾಡಿ. ಆದ್ರೆ ಮಸಲ್ ಊದಿ, ಕೈ ಕಾಲು ಮಡಚೋಕೇ ಆಗ್ದೇ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಮೈಕೈ ನೋವಲ್ಲ, ಮಸಲ್ ಒಡೆದು ಕಿಡ್ನಿಗೆ ಹೊರೆಯಾಗೋ ಸ್ಥಿತಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅಪರೂಪ, ಆದ್ರೆ ಮೊದಲ ದಿನಾನೇ ಹುಮ್ಮಸ್ಸಲ್ಲಿ ಮಿತಿಮೀರಿ ಮಾಡಿದವ್ರಿಗೆ ಆಗಿರೋದಿದೆ.

ಹತ್ತು ಹನ್ನೆರಡು ವಾರ ಹೀಗೆ ನಡೆದ್ಮೇಲೆ ಒಂದೆರಡು ವಾರ ಕೊರತೆ ನಿಲ್ಲಿಸಿ, ತೂಕ ಏರದೇ ಇಳಿಯದೇ ನಿಲ್ಲೋಷ್ಟು ತಿನ್ನಿ, ಬಾರ್ ಅದರ ಪಾಡಿಗೆ ನಡೀಲಿ. ಸಿಕ್ಕಿಹಾಕ್ಕೊಂಡಿದ್ದ ಲಿಫ್ಟ್‌ಗಳು ಎಷ್ಟೋ ಸಲ ಈ ವಾರಗಳಲ್ಲೇ ಬಿಡಿಸ್ಕೊಳ್ಳತ್ತೆ. ಆಮೇಲೆ ಮತ್ತೆ 300ರ ಕೊರತೆಯಿಂದ ಶುರು ಮಾಡಿ, ಪ್ರೋಟೀನ್ ಲೆಕ್ಕ ಮಾತ್ರ ಈ ಎರಡು ವಾರದಲ್ಲೂ ಬದಲಾಗೋದು ಬೇಡ.